ಸುಟ್ಟ ಎದೆಯ ಮೇಲೆ ಎಕೋ: ನನ್ನ ಅನುಭವ

ಕೋಲಾರದಲ್ಲಿ ಐಸಿಯು ನೋಡಿಕೊಳ್ಳುತ್ತೇನೆ. ಮುಳಬಾಗಿಲು ಕಡೆಯ ಹೆಣ್ಣುಮಗಳೊಬ್ಬರು ಸೀರೆಗೆ ಬೆಂಕಿ ಹತ್ತಿ ಬಂದರು. ಮೈ ಸುಮಾರು ಶೇ 40 ಸುಟ್ಟಿತ್ತು, ತೂಕ 50 ಕೆಜಿ. ತೂಕ ಮತ್ತು ಸುಟ್ಟ ಭಾಗ ನೋಡಿ ಎಷ್ಟು ದ್ರವ ಕೊಡಬೇಕೆಂದು ಹೇಳುವ ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ 24 ಗಂಟೆಗೆ 8 ಲೀಟರ್ ರಿಂಗರ್ ಲ್ಯಾಕ್ಟೇಟ್ (ಡ್ರಿಪ್‌ನಲ್ಲಿ ಕೊಡುವ ಲವಣದ ದ್ರವ), ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲಿ. ಆ ಗಂಟೆಗಳನ್ನು ಎಣಿಸಬೇಕಾದ್ದು ಸುಟ್ಟ ಹೊತ್ತಿನಿಂದ. ಅವರು ಬರುವಷ್ಟರಲ್ಲೇ 2 ಗಂಟೆ ಕಳೆದಿತ್ತು. ಎಕೋ, ಅಂದರೆ ಹಾರ್ಟ್‌ನ ಅಲ್ಟ್ರಾಸೌಂಡ್, ಮಾಡಬೇಕು ಅಂದೆ.

"ಸುಟ್ಟಿದ್ದು ಮೈ ಅಲ್ವಾ ಸಾರ್, ಹಾರ್ಟ್ ಯಾಕೆ ನೋಡ್ತೀರ?" ಅಂತ ಅವರಮ್ಮ ಕೇಳಿದರು. ಇಷ್ಟು ಸುಟ್ಟಾಗ ರಕ್ತದ ನೀರು ನಾಳಗಳಿಂದ ಸೋರಿಹೋಗುತ್ತದಮ್ಮ, ಹಾರ್ಟ್‌ಗೆ ತಿರುಗಿ ಬರುವುದೇ ಕಡಿಮೆ, ಜೊತೆಗೆ ಅದರ ಸ್ನಾಯುವೂ ಒಂದೆರಡು ದಿನ ಸೋಲುತ್ತದೆ ಅಂದೆ.

ಇಸಿಜಿ ಎಲೆಕ್ಟ್ರೋಡ್ ಎದೆ ಮೇಲೆ ಒಂದೂ ನಿಲ್ಲಲಿಲ್ಲ. ಒಸರುವ ಗಾಯಕ್ಕೆ ಅಂಟು ಹಿಡಿಯುವುದಿಲ್ಲ. ಭುಜದ ಹಿಂದೆ, ಬೆನ್ನಿಗೆ ಅಂಟಿಸಿದೆವು. ನೋವಿನ ಮದ್ದು ಕೊಟ್ಟು, ಪ್ರೋಬ್‌ಗೆ ಸ್ಟರೈಲ್ ಕವರ್ ಹಾಕಿ, ಡ್ರೆಸ್ಸಿಂಗ್ ಕಟ್ಟುವ ಮುಂಚೆಯೇ ಎಕೋಗೆ ಕೂತೆ. ಎಡಗಂಕುಳ ಕೆಳಗೆ ಅಂಗೈ ಅಗಲ ಸುಡದ ಚರ್ಮ ಸಿಕ್ಕಿತು, ಹೊಟ್ಟೆಯ ಮೇಲ್ಭಾಗವೂ ಉಳಿದಿತ್ತು. ಅಷ್ಟು ಸಾಕಾಯಿತು.

ಇಎಫ್, ಅಂದರೆ ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ತಳ್ಳುವ ಹಾರ್ಟ್‌ನ ಕೋಣೆ) ತನ್ನಲ್ಲಿರುವ ರಕ್ತದಲ್ಲಿ ಶೇಕಡ ಎಷ್ಟನ್ನು ಒಂದು ಬಡಿತಕ್ಕೆ ಹೊರಹಾಕುತ್ತದೆ ಅನ್ನೋದು, 65 ಬಂತು, ನಾರ್ಮಲ್. ಜೊತೆಗಿದ್ದ ಜೂನಿಯರ್‌ಗೆ ಸಮಾಧಾನ, ನನಗೆ ಇಲ್ಲ. ಎಡ ಹೃತ್ಕುಕ್ಷಿ ಖಾಲಿ ಇತ್ತು, ಪ್ರತಿ ಬಡಿತಕ್ಕೂ ಗೋಡೆಗೆ ಗೋಡೆ ತಾಗುತ್ತಿತ್ತು. ಚೊಂಬಿನಲ್ಲಿ ಅರ್ಧ ಲೋಟ ನೀರಿದ್ದರೆ ಪೂರ್ತಿ ಬಗ್ಗಿಸಿದರೂ ಬರೋದು ಅರ್ಧ ಲೋಟವೇ ಅಲ್ವಾ? ಒಂದು ಬಡಿತಕ್ಕೆ ಎಷ್ಟು ರಕ್ತ ಹೊರಗೆ ಹೋಗುತ್ತದೆ ಅಂತ ಅಂದಾಜಿಸುವ ವಿಟಿಐ ಬರೀ 11 ಸೆಂ.ಮೀ. ಇತ್ತು, ಸಾಮಾನ್ಯವಾಗಿ 18ರ ಮೇಲಿರಬೇಕು. ದ್ರವ ಜೋರು ಮಾಡಿದೆವು.

ನಿಜವಾದ ಕಷ್ಟ 14ನೇ ಗಂಟೆಗೆ ಬಂತು. ಮೂತ್ರ ಗಂಟೆಗೆ 15 ಮಿ.ಲೀ., ಅವರ ತೂಕಕ್ಕೆ 25 ಆದರೂ ಬರಬೇಕು. ಇನ್ನೊಂದು ಲೀಟರ್ ಓಡಿಸೋಣ ಅಂತ ಎಲ್ಲರ ಕೈಯೂ ಡ್ರಿಪ್ ಕಡೆ ಹೋಗುವ ಹೊತ್ತು ಅದು. ಅದೇ ಜಾಗದಲ್ಲಿ ಮತ್ತೆ ಪ್ರೋಬ್ ಇಟ್ಟೆ. ಹಾರ್ಟ್‌ಗೆ ರಕ್ತ ತರುವ ದೊಡ್ಡ ಸಿರೆ ಐವಿಸಿ ತುಂಬಿ ನಿಂತಿತ್ತು, ವಿಟಿಐ 13ರ ಮೇಲೆ ಏಳಲಿಲ್ಲ, ಇಎಫ್ 40ಕ್ಕೆ ಇಳಿದಿತ್ತು. ಈಗ ಸ್ನಾಯು ಸೋತಿದೆ, ಸುಮ್ನೆ ನೀರು ತುಂಬಿದರೆ ಶ್ವಾಸಕೋಶ, ಹೊಟ್ಟೆ ಎಲ್ಲಾ ಊದಿಕೊಳ್ಳುತ್ತವೆ. ಡ್ರಿಪ್ ಜಾಸ್ತಿ ಮಾಡದೆ ಹಾರ್ಟ್ ಸ್ನಾಯುವಿಗೆ ಬಲ ಕೊಡುವ ಮದ್ದು ಡೊಬುಟಮಿನ್ ಸಣ್ಣ ಡೋಸ್‌ನಲ್ಲಿ ಶುರು ಮಾಡಿದೆ. ಎರಡು ಗಂಟೆಯಲ್ಲಿ ವಿಟಿಐ 17, ಮೂತ್ರ 30.

ನಾಲ್ಕನೇ ದಿನ ನಾಡಿ 120, ಅಂಗೈ ಬೆಚ್ಚಗೆ, ಹೃದಯ ಜೋರಾಗಿ ಓಡುತ್ತಿತ್ತು. ಆ ಹಂತದಲ್ಲಿ ಇದು ನಿರೀಕ್ಷಿಸಿದ್ದೇ, ಆದರೂ ಸೋಂಕು ಇಲ್ಲವೆಂದು ಖಾತ್ರಿಪಡಿಸಿಕೊಂಡೆ. ಆಮೇಲಿಂದ ಡ್ರೆಸ್ಸಿಂಗ್ ಕಟ್ಟುವಾಗ ನಮ್ಮ ಸಿಸ್ಟರ್‌ಗಳು ಆ ಅಂಗೈ ಅಗಲದ ಜಾಗವನ್ನು ನನಗಾಗಿ ಬಿಟ್ಟೇ ಕಟ್ಟುತ್ತಿದ್ದರು.