ಸೊಟ್ಟ ಮರಕ್ಕೆ ಕಡಿಮೆ ರೇಟು: ನನ್ನ ಕ್ರ್ಯಾಬ್ ಆಪಲ್ ಬೋನ್ಸಾಯ್

ಅಮೆರಿಕದ ಒಹಾಯೋದಲ್ಲಿ ಅಕ್ಟೋಬರ್ ಕೊನೆ ಬಂತೆಂದರೆ ನರ್ಸರಿಗಳಲ್ಲಿ ಬೆಲೆ ಇಳಿಯುತ್ತದೆ. ಕುಂಡದಲ್ಲಿರುವ ಮರಗಳನ್ನು ಚಳಿಗಾಲ ಪೂರ್ತಿ ಕಾಪಾಡುವುದು ಅವರಿಗೆ ತಲೆನೋವು. ಜಾಗ ಬೇಕು, ಹೊದಿಕೆ ಬೇಕು, ಅಷ್ಟು ಮಾಡಿದರೂ ಒಂದಷ್ಟು ಸಾಯುತ್ತವೆ. ಅದಕ್ಕೇ ಬಂದಷ್ಟಕ್ಕೆ ಮಾರಿಬಿಡುತ್ತಾರೆ. ಎಲೆ ಉದುರಿದ ಮರವನ್ನು ಬೇರೆ ಗಿರಾಕಿಗಳು ತಿರುಗಿಯೂ ನೋಡುವುದಿಲ್ಲ. ಬೋನ್ಸಾಯ್ ಮಾಡುವವರಿಗೆ ಮಾತ್ರ ಅದು ಸುಗ್ಗಿ. ಕಾಂಡ ಎಲ್ಲಿ ತಿರುಗಿದೆ, ಕೊಂಬೆ ಎಲ್ಲಿಂದ ಹೊರಟಿದೆ, ಎಲ್ಲಾ ಬತ್ತಲೆಯಾಗಿ ಕಾಣುತ್ತದೆ.

ನಾನು ತಂದದ್ದು ಸಾರ್ಜೆಂಟ್ ಎಂಬ ತಳಿಯ ಕ್ರ್ಯಾಬ್ ಆಪಲ್. ತುದಿ ಮುರಿದಿತ್ತು, ಮರ ಒಂದು ಕಡೆಗೆ ವಾಲಿತ್ತು. 60 ಡಾಲರ್ ಅಂತಿದ್ದ ಚೀಟಿಗೆ ಗೀಟು ಹಾಕಿ 18 ಅಂತ ಬರೆದಿದ್ದರು. ಅಂಗಳದಲ್ಲಿ ನೆಡುವವರಿಗೆ ಇಂಥ ಮರ ಬೇಡ. ನನಗೆ ಬೇಕಿದ್ದದ್ದು ಕೆಳಗಿನ ಅರ್ಧ ಅಡಿ ಮಾತ್ರ. ಹೇಗೂ ಕತ್ತರಿಸಿ ಬಿಸಾಡುವ ತುದಿ ಮುರಿದಿದ್ದರೆ ಏನಂತೆ?

ಕ್ರ್ಯಾಬ್ ಆಪಲ್ ಅಂದರೆ ಸೇಬಿನ ಕುಲದ್ದೇ ಮರ. ಹಣ್ಣಿನ ಅಗಲ ಎರಡು ಇಂಚು ಅಥವಾ ಅದಕ್ಕೂ ಕಡಿಮೆ ಇದ್ದರೆ ಕ್ರ್ಯಾಬ್, ಜಾಸ್ತಿ ಇದ್ದರೆ ಸೇಬು. ಇಲ್ಲಿನವರ ಲೆಕ್ಕ ಇಷ್ಟೇ. ಬೋನ್ಸಾಯ್‌ಗೆ ತಳಿ ಆರಿಸುವಾಗ ಹಣ್ಣಿನ ಗಾತ್ರ ಕೇಳಲೇಬೇಕು. ಕುಂಡದಲ್ಲಿ ಬೆಳೆಸುತ್ತಾ ಸವರುತ್ತಾ ಹೋದರೆ ಎಲೆ ಚಿಕ್ಕದಾಗುತ್ತದೆ, ಹಣ್ಣು ಚಿಕ್ಕದಾಗುವುದಿಲ್ಲ. ಒಂದಡಿ ಮರದಲ್ಲಿ ನಿಂಬೆ ಗಾತ್ರದ ಹಣ್ಣು ನೇತಾಡಿದರೆ ನೋಡೋಕೆ ಚೆನ್ನಾಗಿರಲ್ಲ. ಸಾರ್ಜೆಂಟ್ ಹಣ್ಣು ಬಟಾಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೂಲದಲ್ಲಿ ಇದು ಜಪಾನಿನ ಮರ. ಬಾಸ್ಟನ್ನಿನ ಆರ್ನಾಲ್ಡ್ ಆರ್ಬೊರೇಟಮ್ ಎಂಬ ಮರಗಳ ತೋಟದ ಚಾರ್ಲ್ಸ್ ಸಾರ್ಜೆಂಟ್ 1892ರಲ್ಲಿ ಹೊಕ್ಕೈಡೊ ದ್ವೀಪದಲ್ಲಿ ಇದನ್ನು ಕಂಡು ಅಮೆರಿಕಕ್ಕೆ ತಂದರು. ರೋಗ ತಡೆಯುವ ಶಕ್ತಿಯೂ ಚೆನ್ನಾಗಿದೆ. ನಮ್ಮ ರಾಜ್ಯದ ವೂಸ್ಟರ್‌ನಲ್ಲಿ ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಸೀಕ್ರೆಸ್ಟ್ ಆರ್ಬೊರೇಟಮ್ ಇದೆ. ಅಲ್ಲಿ ಕ್ರ್ಯಾಬ್‌ಲ್ಯಾಂಡಿಯಾ ಅಂತ ಒಂದು ತೋಟ. ಯಾವ ತಳಿಗೆ ಯಾವ ರೋಗ ಬರುತ್ತದೆ ಅಂತ ಸಾಲಾಗಿ ನೆಟ್ಟು ನೋಡುತ್ತಾರೆ. ಮರ ಕೊಳ್ಳುವ ಮೊದಲು ಬೇಸಿಗೆಯ ಕೊನೆಗೆ ಒಮ್ಮೆ ಅಲ್ಲಿ ಸುತ್ತಾಡಿ ಬರುವುದು ಒಳ್ಳೆಯದು. ಕೆಲವು ಮರಗಳು ಅಷ್ಟು ಹೊತ್ತಿಗೆ ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗ ಬಂದು ಎಲೆಯೆಲ್ಲಾ ಉದುರಿಸಿಕೊಂಡು ನಿಂತಿರುತ್ತವೆ.

ನರ್ಸರಿಯಲ್ಲಿ ನಾನು ಮೊದಲು ಮಾಡುವ ಕೆಲಸ ಬುಡದ ಮಣ್ಣು ಕೆದಕುವುದು. ಕುಂಡದ ಮರಗಳು ಸಾಮಾನ್ಯವಾಗಿ ಆಳಕ್ಕೆ ಹೂತಿರುತ್ತವೆ. ಎರಡು ಮೂರು ಇಂಚು ಕೆಳಗೆ ಕಾಂಡ ಅಗಲವಾಗಿ, ಸುತ್ತ ಬೇರು ಹರಡಿದ್ದರೆ ಅದೇ ನಿಜವಾದ ಬುಡ. ಜಪಾನಿಯರು ನೆಬಾರಿ ಅನ್ನುವುದು ಇದಕ್ಕೇ. ಆಮೇಲೆ ಕಸಿಯ ಗಂಟು. ನರ್ಸರಿಯ ಕ್ರ್ಯಾಬ್ ಆಪಲ್‌ಗಳಲ್ಲಿ ಬಹಳಷ್ಟು ಕಸಿ ಕಟ್ಟಿದವು. ಗಂಟು ನೆಲಕ್ಕೆ ಹತ್ತಿರ ಇದ್ದರೆ ಪರವಾಗಿಲ್ಲ, ಬೇರಿನ ನಡುವೆ ಮುಚ್ಚಿಹೋಗುತ್ತದೆ. ನೇರ ಕಾಂಡದ ಮೇಲೆ ನಾಲ್ಕಡಿ ಎತ್ತರದಲ್ಲಿ ಕಸಿ ಕಟ್ಟಿ ಛತ್ರಿ ಮಾಡಿದ ಮರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಕೆಳಗೆ ಕತ್ತರಿಸಿದರೆ ಉಳಿಯುವುದು ಕಸಿಗೆ ಆಸರೆಯಾದ ಬೇರುಗಿಡ ಮಾತ್ರ. ಕೊನೆಗೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ಒಳಗೆ ಹಸಿರಿದೆಯಾ ನೋಡಬೇಕು. ಸೇಲ್‌ನಲ್ಲಿ ಸತ್ತ ಮರವನ್ನೂ ಮಾರುತ್ತಾರಲ್ವಾ!

ಆ ಚಳಿಗಾಲ ಮರಕ್ಕೆ ಕತ್ತರಿ ಹಾಕಲಿಲ್ಲ. ಕುಂಡವನ್ನು ಅಂಗಳದ ಮೂಲೆಯಲ್ಲಿ ಹೂತು, ಮೇಲೆ ಮಲ್ಚ್ ಅಂದರೆ ಮಣ್ಣಿನ ಹೊದಿಕೆ ಹರಡಿ, ಕಾಂಡದ ಸುತ್ತ ತಂತಿ ಬಲೆ ಕಟ್ಟಿದೆ. ಬಲೆ ಮೊಲಗಳಿಗಾಗಿ. ಹಿಮ ಬಿದ್ದು ಬೇರೇನೂ ಸಿಗದಾಗ ಅವು ಸೇಬಿನ ಜಾತಿಯ ತೊಗಟೆಯನ್ನೇ ಹುಡುಕಿಕೊಂಡು ಬರುತ್ತವೆ. ಸುತ್ತಲೂ ಮೇದುಬಿಟ್ಟರೆ ಮರ ಸತ್ತಂತೆಯೇ.

ನಿಜವಾದ ಕೆಲಸ ಮಾರ್ಚ್ ಕೊನೆಗೆ. ಮೊಗ್ಗು ಉಬ್ಬಿರಬೇಕು, ಒಡೆದಿರಬಾರದು. ಕುಂಡದಿಂದ ಎಳೆದಾಗ ಬೇರು ಚಕ್ಕುಲಿ ಸುತ್ತಿದಂತೆ ಸುತ್ತಿಕೊಂಡಿತ್ತು. ಸುತ್ತಿದ ದಪ್ಪ ಬೇರನ್ನು ಬಿಡಿಸುವ ಗೋಜಿಗೆ ಹೋಗಲಿಲ್ಲ, ಗರಗಸದಲ್ಲಿ ತಳದ ಅರ್ಧ ಭಾಗವನ್ನೇ ತೆಗೆದೆ. ಉಳಿದದ್ದನ್ನು ಕೊಕ್ಕೆಯಿಂದ ಬಾಚಿ, ಪೈಪಿನ ನೀರಿನಲ್ಲಿ ತೊಳೆದೆ. ನೇರ ಕೆಳಗೆ ಇಳಿದ ಬೇರುಗಳಿಗೆ ಕತ್ತರಿ. ಪಕ್ಕಕ್ಕೆ ಹರಡಿದವು, ಕೂದಲಿನಂಥ ಸಣ್ಣವು ಉಳಿಯಬೇಕು. ಬೇರು ಒಣಗಲು ಬಿಡಬಾರದು, ಪಕ್ಕದಲ್ಲೇ ಒದ್ದೆ ಗೋಣಿ ಇಟ್ಟುಕೊಂಡಿದ್ದೆ. ಇದಕ್ಕೆ ಒಂದಿಡೀ ಮಧ್ಯಾಹ್ನ ಹಿಡಿಯಿತು. ವಿಡಿಯೋಗಳಲ್ಲಿ ಈ ಭಾಗವನ್ನು ಓಡಿಸಿಬಿಡುತ್ತಾರೆ. ಆದರೆ ಮರದ ಮುಂದಿನ ಚೆಂದವೆಲ್ಲಾ ನಿಲ್ಲುವುದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಕೊಂಬೆ ಮತ್ತೆ ಬೆಳೆಸಬಹುದು, ದಪ್ಪಗಾದ ಕೆಟ್ಟ ಬೇರನ್ನು ಆಮೇಲೆ ತಿದ್ದುವುದು ಕಷ್ಟ.

ಬೇರು ಕಡಿಮೆಯಾದ ಮೇಲೆ ಮೇಲ್ಭಾಗವೂ ಕಡಿಮೆಯಾಗಬೇಕು. ಬೋನ್ಸಾಯ್‌ನಲ್ಲಿ ಬುಡದ ದಪ್ಪದ ಆರು ಪಟ್ಟು ಎತ್ತರ ಅಂತ ಒಂದು ಅಂದಾಜು ಇದೆ. ನನ್ನ ಮರದ ಬುಡ ಎರಡು ಇಂಚು, ಅಂದರೆ ಎತ್ತರ ಸುಮಾರು ಒಂದಡಿ. ಆದರೆ ಒಂದಡಿಗೆ ಕತ್ತರಿಸಲಿಲ್ಲ, ಆರು ಇಂಚಿಗೇ ಕತ್ತರಿಸಿದೆ. ಅಲ್ಲಿದ್ದ ಸಣ್ಣ ರೆಂಬೆಯೊಂದನ್ನು ಹೊಸ ತುದಿ ಅಂತ ಎತ್ತಿ ಕಟ್ಟಿದೆ. ಮೇಲೆ ಹೋದಂತೆ ಕಾಂಡ ಸಣ್ಣಗಾಗಬೇಕಲ್ಲ, ಅದಕ್ಕೆ. ಕತ್ತರಿಸಿದ ಗಾಯಕ್ಕೆ ಕಟ್ ಪೇಸ್ಟ್ ಎಂಬ ಮುಲಾಮು ಬಳಿದೆ. ಸೇಬಿನ ಮರದಲ್ಲಿ ದೊಡ್ಡ ಗಾಯ ಮುಚ್ಚಲು ವರ್ಷಗಳೇ ಬೇಕು, ಅಷ್ಟರಲ್ಲಿ ಒಳಗೆ ಕೊಳೆಯಬಹುದು.

ಹಾಕಿದ್ದು ಮರದ ಹಲಗೆಯ ಪೆಟ್ಟಿಗೆಗೆ. ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು, ಪೈನ್ ತೊಗಟೆಯ ಚೂರು, ಸುಟ್ಟ ಜೇಡಿಯ ಹರಳು, ಮೂರೂ ಸಮ. ಜಪಾನಿನ ಅಕಾಡಾಮಾ ಎಂಬ ಜೇಡಿಮಣ್ಣು ಒಳ್ಳೆಯದೇ, ಆದರೆ 18 ಡಾಲರಿನ ಮರಕ್ಕೆ ಅದಕ್ಕಿಂತ ಜಾಸ್ತಿ ಬೆಲೆಯ ಮಣ್ಣು ಯಾಕೆ? ಮರ ಅಲುಗದಂತೆ ತಂತಿಯಿಂದ ಪೆಟ್ಟಿಗೆಗೆ ಬಿಗಿದೆ. ಅಲುಗಿದರೆ ಹೊಸ ಬೇರು ಹರಿಯುತ್ತದೆ.

ಮೊದಲ ಬೇಸಿಗೆ ಸುಮ್ನೆ ಬೆಳೆಯಲು ಬಿಟ್ಟೆ. ಜುಲೈ ಬಿಸಿಲಿಗೆ ದಿನಕ್ಕೆ ಎರಡು ಸಲ ನೀರು. ಜೂನ್ ಕೊನೆಯಿಂದ ಎಲೆ ತಿನ್ನುವ ಜಪಾನೀಸ್ ಬೀಟಲ್ ದುಂಬಿಗಳ ಕಾಟ. ಬೆಳಿಗ್ಗೆ ಅವು ಮಂಕಾಗಿರುವಾಗ ಸೋಪಿನ ನೀರಿಗೆ ಉದುರಿಸಿದರೆ ಆಯಿತು. ಸಾರಜನಕ ಗೊಬ್ಬರ ಜಾಸ್ತಿ ಹಾಕಲಿಲ್ಲ. ಎಳಸು ಚಿಗುರು ಹೆಚ್ಚಾದಷ್ಟೂ ಫೈರ್ ಬ್ಲೈಟ್ ಬರುವ ಸಾಧ್ಯತೆ ಹೆಚ್ಚು. ಅದು ಬ್ಯಾಕ್ಟೀರಿಯಾ ರೋಗ. ತುದಿ ಕಪ್ಪಾಗಿ ಬಾಗುತ್ತದೆ. ದೊಡ್ಡ ಮರದಲ್ಲಾದರೆ ಸೋಂಕಿನಿಂದ 8–12 ಇಂಚು ಕೆಳಗೆ ಕತ್ತರಿಸಿ ಅನ್ನುತ್ತಾರೆ. ನನ್ನ ಇಡೀ ಮರವೇ ಅಷ್ಟಿಲ್ಲ! ಅದಕ್ಕೇ ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ಕೊಂಬೆಗಳನ್ನು ಬೇಕಾದಂತೆ ಬಗ್ಗಿಸಲು ಅಲ್ಯುಮಿನಿಯಂ ತಂತಿ ಸುತ್ತಿದ್ದು ಚಿಗುರು ಇನ್ನೂ ಬಾಗುತ್ತಿದ್ದಾಗ. ಬಲಿತರೆ ಲಟಕ್ಕನೆ ಮುರಿಯುತ್ತವೆ. ತಂತಿಯನ್ನು ವಾರಕ್ಕೊಮ್ಮೆ ನೋಡುತ್ತಿರಬೇಕು, ತೊಗಟೆಯೊಳಗೆ ಬೇಗ ಇಳಿಯುತ್ತದೆ.

ಹೂವಿಗೆ ತಾಳ್ಮೆ ಬೇಕು. ಕ್ರ್ಯಾಬ್ ಆಪಲ್ ಹೂ ಬಿಡುವುದು ಗಿಡ್ಡ ಗೆಣ್ಣುರೆಂಬೆಗಳ ಮೇಲೆ. ಆ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತದೆ. ಬೇಸಿಗೆಯ ಕೊನೆಗೆ ಗಿಡ ಚೊಕ್ಕ ಕಾಣಲಿ ಅಂತ ಎಲ್ಲಾ ಸವರಿದರೆ ಮುಂದಿನ ವಸಂತಕ್ಕೆ ಬರೀ ಎಲೆ. ನಾನು ಉದ್ದ ಚಿಗುರುಗಳನ್ನು ಮಾತ್ರ ಎರಡು ಮೂರು ಎಲೆಗೆ ಕತ್ತರಿಸಿ, ಗಿಡ್ಡವನ್ನು ಮುಟ್ಟದೆ ಬಿಟ್ಟೆ. ಮೂರನೇ ವಸಂತದಲ್ಲಿ ಬಿಳಿ ಹೂ ಬಂತು. ಕಾಯಿ ಕಟ್ಟಲು ಹೆಚ್ಚಿನ ತಳಿಗಳಿಗೆ ಬೇರೆ ಮರದ ಪರಾಗ ಬೇಕು. ನಮ್ಮ ಬೀದಿಯ ತುಂಬ ಕ್ರ್ಯಾಬ್ ಆಪಲ್ ಇರುವುದರಿಂದ ಜೇನುನೊಣಗಳೇ ಆ ಕೆಲಸ ಮಾಡಿದವು. ಕಾಯಿಯಲ್ಲಿ ಬೆರಳೆಣಿಕೆಯಷ್ಟು ಉಳಿಸಿ ಮಿಕ್ಕದ್ದು ಕಿತ್ತೆ. ಇನ್ನೂ ಕೊಂಬೆ ಕಟ್ಟುತ್ತಿರುವ ಮರಕ್ಕೆ ಹಣ್ಣು ಹೊರೆ.

ಬೆಂಗಳೂರಿನ ಗೆಳೆಯರು ಇದರ ಒಂದು ಕಸಿಕಡ್ಡಿ ತಂದುಕೊಡು ಅನ್ನುತ್ತಾರೆ. ಕಾನೂನಿನ ಮಾತು ಹಾಗಿರಲಿ, ಅಲ್ಲಿ ಇದು ಬದುಕಿದರೂ ಸುಖವಾಗಿರುವುದಿಲ್ಲ. ಈ ಮರಕ್ಕೆ ವಾರಗಟ್ಟಲೆ 7 ಡಿಗ್ರಿಗಿಂತ ಕಡಿಮೆ ಚಳಿ ಬೇಕು, ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಲಾಲ್‌ಬಾಗ್‌ನ ಬೋನ್ಸಾಯ್ ತೋಟಕ್ಕೆ ಹೋಗಿ ನೋಡಿ, ಬೆಂಗಳೂರಿಗೆ ಯಾವುದು ಒಗ್ಗುತ್ತದೆ ಅಂತ ಗೊತ್ತಾಗುತ್ತದೆ. ಫೈಕಸ್, ಬೋಗನ್‌ವಿಲ್ಲಾ ಅಲ್ಲಿ ವರ್ಷವಿಡೀ ಬೆಳೆಯುತ್ತವೆ. ಆ ವಿಷಯದಲ್ಲಿ ನನಗೇ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಇಲ್ಲಿ ವರ್ಷದಲ್ಲಿ ಐದು ತಿಂಗಳು ಮರ ಬಿಸಿಯಿಲ್ಲದ ಗ್ಯಾರೇಜಿನಲ್ಲಿ ಮಲಗಿರುತ್ತದೆ. ಕಾಂಡ ತಡೆಯುವಷ್ಟು ಚಳಿಯನ್ನು ಕುಂಡದೊಳಗಿನ ಬೇರು ತಡೆಯುವುದಿಲ್ಲ.

ಮರ ಈಗಲೂ ಹಲಗೆ ಪೆಟ್ಟಿಗೆಯಲ್ಲೇ ಇದೆ. ಬಲಗಡೆಯ ಕೆಳಗಿನ ಕೊಂಬೆ ಇನ್ನೂ ಸಣಕಲು. ಅದು ದಪ್ಪಗಾಗುವವರೆಗೆ ಸಣ್ಣ ಕುಂಡಕ್ಕೆ ಹಾಕುವುದಿಲ್ಲ. ಹಾಕುವಾಗ ತಿಳಿನೀಲಿ ಗ್ಲೇಜ್ ಇರುವ ಕುಂಡಕ್ಕೇ, ಕೆಂಪು ಹಣ್ಣಿಗೆ ಅದು ಒಪ್ಪುತ್ತದೆ. ಮನೆಯವರು ಕಂದು ಬಣ್ಣ ಅನ್ನುತ್ತಿದ್ದಾರೆ.