18 ವರ್ಷ ಕೇಳದ ಕಿವಿಗೆ ‘ಕತೆ’ ಮತ್ತು ‘ಕತ್ತೆ’

ಕ್ಷಯಕ್ಕೆ ಪಡೆದ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದಿನಿಂದ 26ನೆಯ ವಯಸ್ಸಿನಲ್ಲಿ ಎರಡೂ ಕಿವಿಗಳ ಶ್ರವಣವನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಅಡಿಕೆ ಮಂಡಿಯ ಲೆಕ್ಕಿಗರೊಬ್ಬರು, 44ರಲ್ಲಿ ಒಂದು ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಯಲ್ಲಿ ಕೂರಿಸಿ ಶ್ರವಣನರಕ್ಕೆ ವಿದ್ಯುತ್ ಸಂಕೇತ ಕೊಡುವ ಸಾಧನ) ಮಾಡಿಸಿಕೊಂಡು ತರಬೇತಿಗಾಗಿ ನನ್ನ ಬಳಿ ಬಂದರು. ಇಷ್ಟು ವರ್ಷ ಸುಮ್ಮನಿದ್ದ ನರಕ್ಕೆ ಸದ್ದು ತಿಳಿದೀತೇ ಹೊರತು ಮಾತು ತಿಳಿಯದು ಎಂದು ನನಗಿಂತ ಹಿರಿಯರಾದ ಇಬ್ಬರು ಆಡಿಯಾಲಜಿಸ್ಟರು (ಶ್ರವಣತಜ್ಞರು) ಮೊದಲೇ ಹೇಳಿಬಿಟ್ಟಿದ್ದರು. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಇಂಪ್ಲಾಂಟಿಗೆ ನೆರವು ಮಕ್ಕಳಿಗಷ್ಟೇ ಆದ್ದರಿಂದ ಅವರು ಅರ್ಧ ಎಕರೆ ತೋಟ ಮಾರಿ ಸುಮಾರು ಒಂಬತ್ತು ಲಕ್ಷ ಹೊಂದಿಸಿದ್ದರು; ಆ ತೋಟದ ನೆನಪು ನನಗೂ ನಿದ್ದೆ ಕೆಡಿಸಿತ್ತು.

ಮೊದಲ ಆರು ತಿಂಗಳನ್ನು ನಾನೇ ಹಾಳುಮಾಡಿದೆ. ಸದ್ದು ಸಾಲದೆಂದು ಅವರು ದೂರಿದಾಗಲೆಲ್ಲ ಮ್ಯಾಪಿಂಗ್‌ನಲ್ಲಿ, ಅಂದರೆ ಸಾಧನದ ಮಟ್ಟಗಳನ್ನು ಹೊಂದಿಸುವಾಗ, ಸಿ ಲೆವೆಲ್ (ಹಿತವೆನಿಸುವ ಗರಿಷ್ಠ ಸದ್ದಿನ ಮಟ್ಟ) ಏರಿಸುತ್ತ ಹೋದೆ. ಪಾತ್ರೆಯ ಸದ್ದಿಗೂ ಬೆಚ್ಚಿಬೀಳುವಂತಾಗಿ ಅವರು ಸಂಜೆಯಾದೊಡನೆ ಪ್ರೊಸೆಸರ್ (ಸದ್ದು ಹಿಡಿದು ಇಂಪ್ಲಾಂಟಿಗೆ ಕಳಿಸುವ ಹೊರಭಾಗ) ಕಳಚಿಡತೊಡಗಿದರು. ಒಳಕಿವಿಯಲ್ಲಿ ನರವನ್ನು ಪ್ರಚೋದಿಸುವ 22 ಎಲೆಕ್ಟ್ರೋಡ್‌ಗಳಲ್ಲಿ ಎರಡು, ಕೆನ್ನೆಯನ್ನು ಅದುರಿಸುತ್ತಿದ್ದುದನ್ನು ಸಂಕೋಚದಿಂದ ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹನ್ನೆರಡು ಸಾವಿರ ಕೊಟ್ಟು ತರಿಸಿದ ಇಂಗ್ಲಿಷ್ ತರಬೇತಿ ತಂತ್ರಾಂಶವು ಮಂಡಿಯಲ್ಲಿ ಕನ್ನಡವನ್ನಷ್ಟೇ ಆಡುವವರಿಗೆ ಕಿಂಚಿತ್ತೂ ಉಪಯೋಗವಾಗಲಿಲ್ಲ.

ಕೆನ್ನೆ ಅದುರಿಸುತ್ತಿದ್ದ ಆ ಎರಡು ಎಲೆಕ್ಟ್ರೋಡ್‌ಗಳನ್ನು ನಿಲ್ಲಿಸಿ, ಸಿ ಲೆವೆಲ್ ತಗ್ಗಿಸಿ, ಇನ್ನೊಂದು ಕಿವಿಯ ಶ್ರವಣಸಾಧನವನ್ನು ದಿನಕ್ಕೆರಡು ಗಂಟೆ ತೆಗೆಸಿಟ್ಟು, ಹೊಸದಾಗಿ ಆರಂಭಿಸಿದೆ. ಇಂಪ್ಲಾಂಟು ಸ್ವರದ ಏರಿಳಿತವನ್ನು ಕೆಡಿಸಿದರೂ ಕಾಲದ ಅಳತೆಯನ್ನು ಚೆನ್ನಾಗಿ ಕೊಡುತ್ತದೆ. ನಮ್ಮ ಭಾಷೆಯಲ್ಲೋ ಹ್ರಸ್ವ ದೀರ್ಘಗಳಿಗೂ ಒತ್ತಿಗೂ ಅರ್ಥವೇ ಬದಲಾಗುತ್ತದೆ. ಆದ್ದರಿಂದ ಕಾಲದ ಅಳತೆಯಿಂದ ಬೇರ್ಪಡಿಸಲಾಗದ ಪ, ತ, ಕಗಳನ್ನು ಪಕ್ಕಕ್ಕಿಟ್ಟು, ತುಟಿಯನ್ನು ಮರೆಮಾಡಿ, ಬಳೆ–ಬಾಳೆ, ಬೆಳೆ–ಬೇಳೆ, ಕೊಡು–ಕೋಡು, ಕತೆ–ಕತ್ತೆ ಎಂಬ ಜೋಡಿಗಳಿಂದಲೇ ತೊಡಗಿದೆ. ಹತ್ತಕ್ಕೆ ಎಂಟು ಸರಿಯಾದ ದಿನ ಅವರು ಪ್ರೊಸೆಸರನ್ನು ರಾತ್ರಿ ಮಲಗುವವರೆಗೂ ತೆಗೆಯಲಿಲ್ಲವಂತೆ. ಜೋಡಿಗಳಿಂದ ವಾಕ್ಯಕ್ಕೆ ಯಾವ ವಾರ ದಾಟಿಸಬೇಕು, ನಡುವೆ ಯಾವ ಪದಗಳನ್ನು ಬೇಕೆಂದೇ ಕೈಬಿಡಬೇಕು ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನಿಬ್ಬರ ಮೇಲೆ ನೋಡಬೇಕಿದೆ.

ನಡುವೆ ಒಂದು ತಿಂಗಳು ಸಂಗೀತದ ಹುಚ್ಚೂ ಹಿಡಿಯಿತು. ಹಾರ್ಮೋನಿಯಂ ನುಡಿಸಿ ಮೋಹನವನ್ನೂ ತೋಡಿಯನ್ನೂ ಕೇಳಿಸಿದರೆ ಎರಡೂ ಅವರಿಗೆ ತಗಡು ಬಡಿದಂತೆಯೇ ಇದ್ದವು. ಆದಿತಾಳವನ್ನು ಮಾತ್ರ ಒಂದು ಪೆಟ್ಟೂ ತಪ್ಪದೆ ಹಾಕಿದರು.

ಇಂಪ್ಲಾಂಟ್ ಕಿವಿಯೊಂದರಿಂದಲೇ ನೂರು ಪದಗಳಲ್ಲಿ ಹತ್ತು ಹನ್ನೆರಡನ್ನು ಗುರುತಿಸುತ್ತಿದ್ದವರು ಹದಿನಾಲ್ಕನೆಯ ತಿಂಗಳಿಗೆ ಅರವತ್ತರ ಆಸುಪಾಸಿಗೆ ಬಂದರು. ನಿಶ್ಶಬ್ದ ಕೋಣೆಯಲ್ಲಿ ವಾಕ್ಯಗಳು ನೂರಕ್ಕೆ ಎಂಬತ್ತನ್ನು ಮುಟ್ಟಿದವು. ಹಿರಿಯರಿಬ್ಬರಲ್ಲಿ ಒಬ್ಬರು ಬಂದು, ನಾನು ತುಟಿ ತೋರಿಸುತ್ತಿರಬಹುದೆಂಬ ಗುಮಾನಿಯಿಂದ ತಾವೇ ಬೆನ್ನ ಹಿಂದೆ ನಿಂತು ಪರೀಕ್ಷಿಸಿ, ಮಾತಿಲ್ಲದೆ ಚಹಾ ಕುಡಿದು ಹೋದರು. ಬ್ಯಾಟರಿಗೆ ಈಗಲೂ ತಿಂಗಳಿಗೆ ಒಂದೂವರೆ ಸಾವಿರ ಬೇಕು; ಮಳೆಗಾಲದಲ್ಲಿ ತೇವಕ್ಕೆ ಹೋದ ಕೇಬಲ್ಲಿಗೆ ಒಮ್ಮೆ ಆರೇಳು ಸಾವಿರ ತೆತ್ತರು. ಹೆಂಡತಿಯ ಫೋನನ್ನು ತಾವೇ ಎತ್ತುತ್ತಾರೆ, ಗುರುತಿಲ್ಲದವರದಾದರೆ ಮಗನ ಕೈಗೆ ಕೊಡುತ್ತಾರೆ. ಮರಿ–ನರಿಗಳು ಹದಕ್ಕೆ ಬರುತ್ತಿವೆ. ಹಲ್ಲಿ–ಹಳ್ಳಿಗಳ ನಡುವೆ ಮಾತ್ರ ಇನ್ನೂ ಊಹೆಯೇ ನಡೆಯುತ್ತಿದೆ.