ಲೀಜು ವರ್ಷಕ್ಕಲ್ಲ, ಬೆಳೆಗೆ: ನನ್ನ ಅನುಭವ

ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾನು ಭತ್ತ ಬೆಳೆಯುತ್ತೇನೆ. ಸ್ವಂತ ಗದ್ದೆ ಸ್ವಲ್ಪ, ಉಳಿದದ್ದು ಲೀಜಿನದು. ನಮ್ಮಲ್ಲಿ ಲೀಜು ಅಂದರೆ ಎಕರೆಗೆ ಇಷ್ಟು ಚೀಲ ಭತ್ತ ಅಂತ. ಚೀಲಕ್ಕೆ 75 ಕೆಜಿ. ನಾನು ಹಿಡಿದ ಗದ್ದೆಗೆ ಎರಡೂ ಬೆಳೆ ಸೇರಿಸಿ ವರ್ಷಕ್ಕೆ ಒಂದೇ ಮಾತು ಇತ್ತು, ಎಕರೆಗೆ 24 ಚೀಲ. ಎರಡೂ ಬೆಳೆಗೆ ನೀರು ಬರುತ್ತಿದ್ದಾಗ ಯಾರೂ ತಕರಾರು ತೆಗೆಯಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು, ಎರಡನೇ ಬೆಳೆಗೆ ನೀರಿಲ್ಲ. ಆದರೂ ಲೀಜು ಪೂರ್ತಿ ಕೊಟ್ಟೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ನಮಗೆ ಯಾರಿಗೂ ನಿದ್ದೆಯಿಲ್ಲ. ಪುಣ್ಯಕ್ಕೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಉಕ್ಕಿನ ತಡೆ, ಕೂರಿಸಿ ನೀರು ಉಳಿಸಿಕೊಂಡರು. ಇನ್ನು ಸುಮ್ನೆ ಇರಬಾರದು ಅಂತ ಮಾಲೀಕರ ಮನೆಗೆ ಹೋದೆ.

ಅವರು ನಿವೃತ್ತ ಮೇಷ್ಟ್ರು, ಒಳ್ಳೆಯವರು. ಬರೀ ಕಷ್ಟ ಹೇಳಿಕೊಂಡರೆ ಕೆಲಸ ಆಗಲ್ಲ ಅಂತ ಲೆಕ್ಕದ ಪುಸ್ತಕ ಒಯ್ದಿದ್ದೆ. ಖರ್ಚನ್ನೂ ಚೀಲದಲ್ಲೇ ಬರೆದಿದ್ದೆ. ಒಂದು ಬೆಳೆಗೆ ಎಕರೆಗೆ ಬಂದದ್ದು 38 ಚೀಲ. ಉಳುಮೆ, ನಾಟಿ ಕೂಲಿ, ಗೊಬ್ಬರ, ಔಷಧಿ, ಕಟಾವು ಮಷೀನು ಎಲ್ಲ ಸೇರಿ ಸುಮಾರು 20 ಚೀಲದ ದುಡ್ಡು. ಲೀಜು 12. ನನ್ನ ಮನೆಯವರ ದುಡಿಮೆಗೆ ಉಳಿದದ್ದು ಆರೇ ಚೀಲ. ಅವರು ಆ ಪುಟವನ್ನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಸರ್, ನೀರು ಬಂದರೆ ತಾನೇ ಈ ಭೂಮಿಗೆ ಬೆಲೆ? ನೀರೇ ಬರದಿದ್ರೆ ಲೀಜು ಯಾವ ಲೆಕ್ಕಕ್ಕೆ ಕೊಡ್ಲಿ?" ಅಂದೆ.

"ನಂಗೂ ಅದೇ ಆಧಾರ ಐತಲ್ಲಪ್ಪ," ಅಂದರು. ಅದೂ ಸುಳ್ಳಲ್ಲ.

ಕೊನೆಗೆ ಬೆಳೆಗೆ ಹತ್ತು ಚೀಲಕ್ಕೆ ಒಪ್ಪಿದರು. ಕಾಲುವೆಗೆ ನೀರು ಬಿಡದ ಬೆಳೆಗೆ ಲೀಜು ಇಲ್ಲ. ರೋಗ ಬಿದ್ದೋ ಮಳೆ ಹೊಡೆದೋ ಇಳುವರಿ 25 ಚೀಲಕ್ಕಿಂತ ಇಳಿದರೆ, ಬಂದದ್ದರಲ್ಲಿ ನಾಲ್ಕನೇ ಒಂದು ಪಾಲು.

ಇನ್ನೊಂದು ಮಾತು ಯಾರೂ ಮೊದಲೇ ಆಡಿಕೊಳ್ಳುವುದಿಲ್ಲ, ಆಮೇಲೆ ಜಗಳ ಅದಕ್ಕೇ ಬರುತ್ತದೆ. ಚೀಲ ಅಂದರೆ ಹಸಿ ಭತ್ತವೋ ಒಣ ಭತ್ತವೋ? ಮಷೀನಿಂದ ಬಂದ ಭತ್ತದಲ್ಲಿ ನೀರಿನಂಶ ಜಾಸ್ತಿ, ವ್ಯಾಪಾರಿ ತೂಕದಲ್ಲಿ ಕಳೆಯುತ್ತಾನೆ. ದುಡ್ಡಲ್ಲಿ ಕೊಡುವುದಾದರೆ ಯಾವತ್ತಿನ ರೇಟು? ನಾನು ಮಾರಿದ ದಿನದ ತೂಕ, ಆ ದಿನದ ರೇಟು ಅಂತ ಬರೆದುಕೊಂಡೆವು. ಅಳತೆಯ ಜಗಳ ಹಳೇದು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಅನ್ಯಾಯಕ್ಕೇ.

ಬರೆದುಕೊಳ್ಳೋಕೆ ಮೇಷ್ಟ್ರು ಮೊದಲು ಹೆದರಿದರು. 1974ರಿಂದ ಗೇಣಿ ಪದ್ಧತಿಯೇ ರದ್ದಾಗಿದೆ, ಕಾಗದ ಇದ್ದರೆ ನಾಳೆ ಭೂಮಿ ಹೋಗುತ್ತೆ ಅನ್ನೋ ಭಯ. ಈ ಭಯಕ್ಕೇ ಎಷ್ಟೋ ಮಾಲೀಕರು ವರ್ಷಕ್ಕೊಬ್ಬರಿಗೆ ಗದ್ದೆ ಕೊಡುತ್ತಾರೆ, ಮುಂದಿನ ವರ್ಷ ಗದ್ದೆ ತನಗಿಲ್ಲ ಅಂದಮೇಲೆ ಹಿಡಿದವನು ಹಸಿರೆಲೆ ಗೊಬ್ಬರ ಯಾಕೆ ಹಾಕುತ್ತಾನೆ ಹೇಳಿ. ನಮ್ಮದು ಕೋರ್ಟಿನಲ್ಲಿ ನಿಲ್ಲುವ ಪತ್ರವಲ್ಲ. ನೋಟ್‌ಬುಕ್ಕಿನ ಎರಡು ಹಾಳೆ, ಇಬ್ಬರ ಸಹಿ, ಊರಿನ ಇಬ್ಬರು ಹಿರಿಯರ ಸಹಿ, ನಮ್ಮಿಬ್ಬರಿಗೂ ಒಂದೊಂದು ಪ್ರತಿ, ಅಷ್ಟೇ.

ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಹೋಗುತ್ತದೆ. ಬೀಜ, ಗೊಬ್ಬರ ನನ್ನದು, ನಷ್ಟವೂ ನನ್ನದು. ಅದಕ್ಕೆ ಪರಿಹಾರ ಬಂದರೆ ಮೂರರಲ್ಲಿ ಎರಡು ಪಾಲು ನನಗೆ ಅಂತ ಅದೇ ಹಾಳೆಯಲ್ಲಿ ಸೇರಿಸಿದೆವು. ಮೂರು ವರ್ಷಕ್ಕೆ ಒಟ್ಟಿಗೆ ಕೊಡಿ ಅಂತ ಕೇಳಿದ್ದೇನೆ, ಅದಕ್ಕೆ ಇನ್ನೂ ಹ್ಞೂಂ ಅಂದಿಲ್ಲ.